ಇಪ್ಪತ್ತರ ಕೆಳಗಿನದು

ಮೈಂದರ್ಗಿ ನಾಕಾದಾಗ ನಾ ಕೂಡುವ ಗೂಡಿನ ಮ್ಯಾಲ
ಎರಡು ಭಾಷಾದ ಬೋರ್ಡು: ಧರಮ್ ಕಾಟಾ, ಅರವತ್ತು ಟನ್.
ಮರಾಠಿ ಅಕ್ಷರ ಗಟ್ಟಿ ಅವ. ಕನ್ನಡದ್ದು ಬಿಸಲಿಗೆ ಹಾರಿ
ಧರಮ್ ಹೋಗೇದ, ಕಾಟಾದ ದೀರ್ಘಾನೂ ಹೋಗೇದ.
ಬರೀ ‘ಕಾಟ’ ಅಂತ ಓದಿ ಡ್ರೈವರಗೋಳು ನಗತಾರ.
ನಾ ಪಾವತಿ ಹರದು ಕೊಡತೀನಿ.

ಹ್ವಾದ ಮಾಘದಾಗ, ಕಬ್ಬಿನ ಹಂಗಾಮು,
ಟ್ರ್ಯಾಕ್ಟರಿನ ಹಿಂದ ಟ್ರ್ಯಾಕ್ಟರು, ನಡುವ ಎತ್ತಿನ ಗಾಡಿ,
ಆ ಪಾಳಿಯೊಳಗ ಒಂದು ಮನಿ ಬಂತು.

ಖರೇನ ಮನಿ. ಕಿಟಕಿಗೆ ಸೀರಿ ಹರದ ಪರದೆ,
ಬಾಗಲಿಗೆ ಲಿಂಬಿಕಾಯಿ ಮೆಣಸಿನಕಾಯಿ,
ಕೆಳಗ ಆರು ಗಾಲಿ. ಮೊದಲದು ಸಾಲಿ ಟೆಂಪೋ;
ನೀಲಿ ಬಳದರೂ ಅಡಿಯಿಂದ ಹಳದಿ ಇಣುಕತಿತ್ತು.
ಎಸ್‌ಟಿ ಡಿಪೋದಾಗ ವೆಲ್ಡಿಂಗ್ ಮಾಡಿ ರಿಟೈರಾದ ಚಂದ್ರಶಾ
ಒಂದೂವರಿ ವರ್ಷ ಅದರ ಹೊಟ್ಟಿಯೊಳಗ ಕಿಡಿ ಹಾರಿಸ್ಯಾನ.
ಎರಡು ಸಲ ಹಿಂದಿನ ಟೈರು ಒಡದಾವ.
‘ಮನಿ ಎಷ್ಟು ಭಾರ ಅದ ನೋಡ್ಕೋ ಮಾವಾ’ ಅಂದಾನ ಪಂಕ್ಚರಿನಾಂವ.

ಎಲ್ಲಿಗೆ ಹೊಂಟೀರಿ, ಅಂದೆ.
‘ತೂಕ ಆದ ಮ್ಯಾಲ ಹೇಳತೀನಿ.’

ಮುಂದಿನ ಗಾಲಿ ಅಷ್ಟ ಹತ್ತಿಸಿದ: ಹದಿನಾಲ್ಕುನೂರ ಎಂಬತ್ತು.
ಪೂರಾ ಹತ್ತಿಸಿದ: ನಾಲ್ಕು ಸಾವಿರದ ಅರವತ್ತು.
ಮುಂದ ಸರಿಸಿ ಹಿಂದಿನದಷ್ಟ: ಎರಡು ಸಾವಿರದ ಐನೂರ ಅರವತ್ತು.
ಬೀಡಿ ಪಾಕೀಟಿನ ಮ್ಯಾಲ ಕೂಡಿಸಿ ನೋಡಿ
‘ಇಪ್ಪತ್ತು ಎಲ್ಲಿ ಹೋತು?’ ಅಂದ, ಗಿರಣಿಯಾಗ ಹಿಟ್ಟು ಕಡಿಮಿ ಬಂದಂಗ.
ಇಳಿಜಾರು ಅದ ಕಾಕಾ, ಅದಲ್ಲದ ಈ ಕಾಟಾಕ್ಕ
ಇಪ್ಪತ್ತರ ಕೆಳಗಿನದು ಕಾಣೂದಿಲ್ಲ.
‘ಇಷ್ಟು ದೊಡ್ಡ ಕಣ್ಣು ಇಟಗೊಂಡು?’
ಅವನ ಹೆಂಡತಿ ಸುಗಲಾಬಾಯಿ ಕಿಟಕಿಯಿಂದ ಕೇಳಿದಳು.

ಕಾಗದ ಹೇಳೂದು ಮೂರು ಸಾವಿರದ ಒಂಬೈನೂರು.

ಮೊದಲ ನೀರು. ಎಂಬತ್ತು ಲೀಟರಿನ ಟಾಕಿ ಬಿಚ್ಚಿದ.
ಕಬ್ಬು ಕಡಿಯೂ ಹೆಂಗಸರು ಕೊಡ ತಗೊಂಡು ಓಡಿ ಬಂದರು,
ಗಾಡಿ ಎತ್ತು ಹರಿಯೂ ನೀರಿಗೇ ಮೂತಿ ಹಚ್ಚಿತು.
ಮೂರು ಸಾವಿರದ ಒಂಬೈನೂರ ಎಂಬತ್ತು.
ಕಬ್ಬಿಣದ ಮಂಚ ಇಳೀತು, ಅವನs ಮಾಡಿದ್ದು,
ಅದರ ಮ್ಯಾಲ ಒಬ್ಬ ಟ್ರ್ಯಾಕ್ಟರಿನಾಂವ ಆಗಲೇ ಅಡ್ಡಾದ.
ಒಂಬೈನೂರ ನಲವತ್ತು. ಹಿಂದಿನವರು ಹಾರ್ನು ಬಿಡವಲ್ಲರು.

‘ಬೀಸುಕಲ್ಲು.’
‘ನಿನ್ನ ಹತ್ಯಾರದ ಪೆಟಗಿ.’
‘ರಸ್ತೇದಾಗ ಕೆಟ್ಟು ನಿಂತರ ಕಲ್ಲಿಲೇ ರಿಪೇರಿ ಮಾಡ್ಲೇನು?’
‘ಹಸದು ನಿಂತರ ಪಾನಾ ತಿಂತೀ ಏನು?’

ಆಕಿ ತಾನs ಇಳದು ಬೇವಿನ ಬುಡಕ್ಕ ನಿಂತಳು.
ಪರದೆ ಮ್ಯಾಲ ಅರವತ್ತು ಕಡಿಮಿ ಆತು.
‘ನೋಡು, ನನ್ನ ಬಿಟ್ಟರ ಪಾಸಾಗತದ.’
ಪಾಳಿ ಪಾಳಿನೇ ನಕ್ಕಿತು. ಚಂದ್ರಶಾ ನಗಲಿಲ್ಲ.
ಬೀಸುಕಲ್ಲಿನ ಕೆಳಗಿನ ಹೋಳು ಎತ್ತಿ ತಂದು
ನನ್ನ ಗೂಡಿನ ಮೂಲಿಗಿಟ್ಟ. ಮ್ಯಾಲಿಂದು ಒಳಗs ಬಿಟ್ಟ.
‘ಬಿಡಿ ಬಿಡಿ ಆದರ ಯಾರೂ ಕದಿಯೂದಿಲ್ಲ.’
ಇನ್ನೂ ಇಪ್ಪತ್ತು ಹೆಚ್ಚು. ಮಾತಾಡಲಾರದ ಪೆಟಗೀನೂ ತಂದ,
ಒಂದು ಪಾನಾ ತಗದು ಕಿಸೇದಾಗ ಇಟಗೊಂಡ.
ಆಕಿ ಹತ್ತಿದಳು.
ಮೂರು ಸಾವಿರದ ಒಂಬೈನೂರು. ನಾ ಛಾಪಿಸಿದೆ.
ಏಳು ಸಲದ ತೂಕಕ್ಕ ಎರಡರ ರೊಕ್ಕ ತಗೊಂಡೆ.

ಎಲ್ಲಿಗೆ ಅಂತ ಹೇಳೂದು ಮರತs ಬಿಟ್ಟ.
ಎಡಕ್ಕ ಹೊರಳಿತು, ಅಕ್ಕಲಕೋಟದ ಕಡೆ. ಅಷ್ಟ ಗೊತ್ತು.

ಮಂಚ ಟ್ರ್ಯಾಕ್ಟರಿನಾಂವ ಒಯ್ದ. ಪೆಟಗಿ ಅಟ್ಟದ ಮ್ಯಾಲ ಅದ.
ಕಲ್ಲು ಕಿರಾಣಿ ತಕ್ಕಡಿಯಾಗ ತೂಗಿಸಿ ನೋಡೀನಿ: ಇಪ್ಪತ್ತೇಳು.
ದಿನಾ ಮುಂಜಾನಿ ಕಾಟಾ ಕಸ ಹೊಡದು, ಶೂನ್ಯ ಮಾಡಿ,
ಅದನ್ನ ನಡುವ ಇಟ್ಟು ಬಂದು ಪರದೆ ನೋಡತೀನಿ.
ಇಪ್ಪತ್ತು ಅಂತದ. ಮಳೀ ಬರಲಿ, ಮಂಜು ಬರಲಿ, ಇಪ್ಪತ್ತು.
‘ಕಲ್ಲು ತಗೀ ಬಾಯಿ’ ಅಂತ ಮೊದಲನೇ ಗಾಡಿ ಹಾರ್ನು ಹೊಡೀತದ.
ತಗೀತೀನಿ.
ಟೊಂಕಕ್ಕ ಪೂರಾ ಇಪ್ಪತ್ತೇಳು.