ಕಾವು

ಔಲು ಪಟ್ಟಣ. ಕಿಟಕಿಯಾಚೆ ಮೈನಸ್ ಇಪ್ಪತ್ತೇಳು.
ಒಳಗೆ ವೇಯ್ಕೊನ ರಿಸೀವರಿಗೆ ಜ್ವರ:
ಕುದುರೆಗಳು ನದಿಗಿಳಿಯುವ ಹೊತ್ತಿಗೆ ಸರಿಯಾಗಿ
ಟಕ್.
ಕೆಂಪು ದೀಪ ಮಿಣುಕಿ, ಐದೂ ಸ್ಪೀಕರು ಮೂಕ.

ಅಂಗೈಯಿಟ್ಟು ನೋಡಿದ, ಕಾದ ಕಾವಲಿ.
ಕಪಾಟಿನ ಗಾಜಿನ ಬಾಗಿಲು ಕಳಚಿದ,
ಸತ್ತ ಕಂಪ್ಯೂಟರಿನ ಫ್ಯಾನು ತಂದು ಬೆನ್ನಿಗೆ ಬಿಗಿದ.
ಮೇಲಿನ ಜಾಲರಿ ಉಜ್ಜಿದರೆ
ಬ್ರಷ್ಷಿನ ತುಂಬ ಬೂದು ದೂಳು, ಅದರೊಳಗೆ
ರೈ ಹಿಟ್ಟು.

ಅವನು ಕೇಳಲಿಲ್ಲ. ಇರ್ಮೆಲಿ ಹೇಳಲಿಲ್ಲ.

ಈಗ ಸಿನಿಮಾ ಕೊನೆಮುಟ್ಟ ಓಡುತ್ತದೆ,
ಭಾನುವಾರದ ಬ್ರೆಡ್ಡು ಮಾತ್ರ ಹಲಗೆ.
ಎರಡು ವಾರ ಹಲಗೆ ಅಗಿದ, ಬೆಣ್ಣೆ ಹೆಚ್ಚು ಬಳಿದುಕೊಂಡು.

ಮೂರನೆಯ ಶನಿವಾರ ಫ್ಯಾನಿನ ವೈರು ಕಿತ್ತು
ವಾಲ್ಯೂಮು ಏರಿಸಿ
ಅಡುಗೆಮನೆಯತ್ತ ಕೂಗಿದ:
“ಬೋಗುಣಿ ತಾರೇ.
ಇದೂ ಕಾಯಲಿ,
ದಡದಲ್ಲಿ ಕುದುರೆಗಳೂ ಕಾಯಲಿ.”