ಡಬ್ಬಿ ಹಾಲು

ಕಾಗೊಶಿಮಾದಲ್ಲಿ ಇವತ್ತು ಮತ್ತೆ ಬೂದಿ.
ಬೆಟ್ಟ ಕೆಮ್ಮಿದರೆ ಇಲ್ಲಿ ಯಾರೂ ತಲೆಯೆತ್ತುವುದಿಲ್ಲ,
ಒಣಹಾಕಿದ ಬಟ್ಟೆ ಒಳಗೆ ತರುತ್ತಾರೆ, ಅಷ್ಟೆ.
ಕೊಡೆ ಕೊಡವಿ, ಚಪ್ಪಲಿ ಬದಲಿಸಿ,
ಹದಿನಾಲ್ಕು ದಿನ ಕಾವಿಗಿಟ್ಟ ತಟ್ಟೆಯನ್ನು
ಸೂಕ್ಷ್ಮದರ್ಶಕದ ಅಡಿಗೆ ಸರಿಸುತ್ತೇನೆ.
ಕೆಂಪು ಗುಂಪು ಎಷ್ಟು, ಬಿಳಿ ಗುಂಪು ಎಷ್ಟು,
ಹೆಬ್ಬೆರಳಿನಡಿ ಎಣಿಕೆಯ ಗುಂಡಿ: ಟಿಕ್, ಟಿಕ್.
ಒಂದೊಂದು ಗುಂಪಿಗೂ ಒಂದೇ ಒಂದು ತಾಯಿಕೋಶ
ಎನ್ನುತ್ತದೆ ಪುಸ್ತಕ.
ಬೇರೆ ಪದ ಸಿಗಲಿಲ್ಲವೇ ಅವರಿಗೆ?

ಚೀಟಿಯ ಮೇಲೆ ಬರೀ ಸಂಖ್ಯೆ. ಹೆಸರು ನನಗೆ ಗೊತ್ತಾಗಬಾರದು.
ಗೊತ್ತಾಗಿಬಿಟ್ಟಿದೆ.
ಕ್ಯಾಂಟೀನಿನಲ್ಲಿ ಚಿಯೊರಿ ನನ್ನೆದುರಿಗೇ ಕೂತು
ಉಡೋನ್ ಆರುವವರೆಗೂ ಮಾತಾಡಿದಳು.

ಅವಳಮ್ಮ ಸುಗೆನೊ, ಮಕುರಜಾಕಿ ಬಂದರಿನವಳು,
ಮೂವತ್ತೊಂದು ವರ್ಷ ಮೀನು ಹೊಗೆಹಾಕುವ ಕೊಟ್ಟಿಗೆಯಲ್ಲಿ.
ಔಷಧಿ ಕೂದಲು ಕಿತ್ತಿತು, ಹುಬ್ಬು ಕಿತ್ತಿತು,
ಉಗುರಿನ ಸಂದಿಯ ಹೊಗೆವಾಸನೆ ಕೀಳಲಾಗಲಿಲ್ಲ.
ಮೊದಲ ಮಗ ಕಿಯೊತಕನನ್ನು ಬೆನ್ನಿಗೆ ಕಟ್ಟಿಕೊಂಡೇ ದುಡಿದಳು,
ಎರಡು ವರ್ಷ ಎದೆಗೊಟ್ಟಳು.
ಮಗಳು ಹುಟ್ಟುವ ಹೊತ್ತಿಗೆ ನಸುಕಿನ ನಾಲ್ಕಕ್ಕೇ ಪಾಳಿ,
ಬಿಸಿ ಹಬೆಯಲ್ಲಿ ಹಾಲು ಬತ್ತಿತು.
ಅಜ್ಜಿ ಪುಡಿ ಕಲಸಿ ಕುಡಿಸಿದಳು.

ಜಗಳವಾದಾಗಲೆಲ್ಲ ಚಿಯೊರಿಯ ಕೊನೆಯ ಮಾತು ಅದೇ:
ಅಣ್ಣನಿಗೆ ಎದೆ, ನನಗೆ ಡಬ್ಬಿ.

ಈ ವೈರಸ್ಸು ಅವಸರದ್ದಲ್ಲ.
ಕೆಮ್ಮಿಲ್ಲ, ಜ್ವರವಿಲ್ಲ. ಕಾವಲಿಗಿರುವ ಕೋಶದ
ಮನೆಯೊಳಗೇ ಬಾಡಿಗೆ ಹಿಡಿದು,
ಅದರ ವಂಶದ ಕಡತದಲ್ಲಿ ತನ್ನದೊಂದು ಸಾಲು ಹೊಲಿದು
ಐವತ್ತು ವರ್ಷ, ಅರವತ್ತು ವರ್ಷ ಸುಮ್ಮನೆ ಕೂರುತ್ತದೆ.
ನೂರರಲ್ಲಿ ತೊಂಬತ್ತೈದು ಮಂದಿಯಲ್ಲಿ
ಕೂತಲ್ಲೇ ಮುದಿಯಾಗುತ್ತದೆ.
ಸುಗೆನೊ ಉಳಿದ ಐವರಲ್ಲಿ ಒಬ್ಬಳು.

ಅವಳಿಗೂ ಅದು ಬಂದದ್ದು ಅವಳ ತಾಯಿಯ ಹಾಲಿನಲ್ಲಿ,
ಆ ತಾಯಿಗೆ ಅವಳ ತಾಯಿಯದರಲ್ಲಿ,
ಅದರಾಚೆ ದ್ವೀಪಗಳು, ದೋಣಿಗಳು,
ಹೆಸರು ಉಳಿಯದ ಎದೆಗಳು.
ಹಾಲಿನ ಋಣ ಅಂದರೆ ಇದೂ ಇರಬಹುದೆಂದು
ಯಾವ ಹಿರಿಯರೂ ಹೇಳಿರಲಿಲ್ಲ.

ಇಬ್ಬರು ಮಕ್ಕಳ ರಕ್ತವೂ ನಮ್ಮಲ್ಲಿಗೆ ಬಂತು.
ಕಿಯೊತಕ: ಇದೆ.
ಚಿಯೊರಿ: ಇಲ್ಲ.
ಹೊಟ್ಟೆಗೆ ಹಾಲು ಹೊಯ್ದಂತಾಯಿತು ಎನ್ನಬೇಕಿತ್ತು ಯಾರಾದರೂ.
ಆ ಕೋಣೆಯಲ್ಲಿ ಹಾಲಿನ ಹೆಸರೆತ್ತಲು ಬಾಯಿ ಬರಲಿಲ್ಲ.

ಮಗಳ ತೋಳಿನಿಂದ ಇಳಿಸಿದ ಚೀಲ ಅಷ್ಟೇನೂ ಕೆಂಪಿರಲಿಲ್ಲ,
ನೀರು ಬೆರೆಸಿದ ಟೊಮೆಟೊ ಸಾರಿನ ಹಾಗೆ.
ನಲವತ್ತು ನಿಮಿಷದಲ್ಲಿ ತಾಯಿಯೊಳಗೆ ಇಳಿಯಿತು.
ರಕ್ತದಲ್ಲಿ ಬಿಟ್ಟ ಕೋಶಗಳು ಮೂಳೆಯ ದಾರಿಯನ್ನು
ಹೇಗೆ ಕಂಡುಕೊಳ್ಳುತ್ತವೆ?
ನಮ್ಮ ಲ್ಯಾಬಿನಲ್ಲಿ ಇದರ ಮೇಲೆ ಮೂರು ಪ್ರಬಂಧಗಳಾಗಿವೆ.
ಉತ್ತರ ಅರ್ಧ.

ಬೇರೂರಿದರೆ, ಕೆಲವು ತಿಂಗಳಲ್ಲಿ
ಸುಗೆನೊಳ ರಕ್ತದ ಗುಂಪು ಬದಲಾಗುತ್ತದೆ, ಎ ಹೋಗಿ ಒ.
ಏಳನೇ ವಯಸ್ಸಿನಲ್ಲಿ ಬಂದುಹೋದ ದಡಾರ
ಅವಳಿಗೆ ನೆನಪಿರುತ್ತದೆ, ರಕ್ತಕ್ಕೆ ನೆನಪಿರುವುದಿಲ್ಲ.
ಮಂಗನಬಾವು, ನಾಯಿಕೆಮ್ಮು, ಗಂಟಲಮಾರಿ,
ಎಲ್ಲದಕ್ಕೂ ಮೊದಲಿಂದ ಚುಚ್ಚುಮದ್ದು.
ಅರವತ್ತೈದರ ಹೆಂಗಸು ತೋಳು ಮಡಿಸಿಕೊಂಡು
ಅಳುವ ಕೂಸುಗಳ ಸಾಲಿನಲ್ಲಿ.

ಗಾಜಿನಾಚೆಯಿಂದ, ಫೋನಿನಲ್ಲಿ, ನಿನ್ನೆ
ಅವಳು ಮಗಳಿಗೆ ಅಂದದ್ದು ಇಷ್ಟೇ:
ಆ ಡಬ್ಬಿಗೆ ಆಗ ಎಷ್ಟು ರೇಟಿತ್ತು ಗೊತ್ತೇನೇ ನಿನಗೆ?

ಕಿಯೊತಕ ಹೊರಗಿನ ಬೆಂಚಿನಲ್ಲಿರುತ್ತಾನೆ,
ಭುಜದ ಮೇಲೆ ತೆಳ್ಳಗೆ ಬೂದಿ.
ನನ್ನ ಬಿಳಿ ಕೋಟು ಕಂಡರೆ ಏಳುತ್ತಾನೆ, ಕೂರುತ್ತಾನೆ.
ಒಮ್ಮೆ ಮಾತ್ರ ಅಂದ:
ಎರಡು ವರ್ಷ ಕುಡಿದೆನಂತೆ. ರುಚಿ ಮಾತ್ರ ನೆನಪಿಲ್ಲ.

ನಾನೂ ಈ ಕಡಲತಡಿಯಲ್ಲೇ ಹುಟ್ಟಿದವಳು.
ಸಾವಿರಾರು ಕೊಳವೆಗಳಿಗೆ ಮಾಡಿದ ಪರೀಕ್ಷೆ
ನನ್ನದಕ್ಕೆ ಇನ್ನೂ ಮಾಡಿಕೊಂಡಿಲ್ಲ.

ಐವತ್ತೆಂಟು, ಐವತ್ತೊಂಬತ್ತು.
ಅಂಚಿನಲ್ಲಿ ಇನ್ನೊಂದು,
ಇದು ಗುಂಪೋ, ಬರೀ ಗುಳ್ಳೆಯೋ.
ತಟ್ಟೆ ತಿರುಗಿಸುತ್ತೇನೆ.
ಎಣಿಕೆ ತಪ್ಪಿತು. ಮತ್ತೆ
ಒಂದು.