ಒಂದು ರೂಪಾಯಿ ಅರವತ್ತೈದು ಪೈಸೆ

ಒಂಬತ್ತು ಹದಿನೈದಕ್ಕೆ ಬಾಗಿಲು ತೆಗೆಯುತ್ತದೆ.
ಒಂಬತ್ತು ಹದಿನಾರಕ್ಕೆ
ಇನ್ನೂರ ಹನ್ನೆರಡು ನಲವತ್ತು ಕಂಡು ಒತ್ತಿದೆ.
ಸಿಕ್ಕಿದ್ದು ಇನ್ನೂರ ಹದಿನಾಲ್ಕರ ಮೇಲೆ ಐದು ಪೈಸೆಗೆ.
ಎಂಟುನೂರು ಶೇರು. ಲೆಕ್ಕ ನೀವೇ ಹಾಕಿ,
ನನಗೆ ಹಾಕುವ ಧೈರ್ಯ ಬಂದದ್ದು ಮಧ್ಯಾಹ್ನ.

ಒತ್ತಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವೆ ಏನಾಯಿತೆಂದು
ಕಿಟಕಿಗೆ ಹೋಗಿ ನೋಡಿದೆ.
ನಗಬೇಡಿ. ನಮ್ಮ ಇಂಟರ್ನೆಟ್ಟು ಬರುವುದು
ಎದುರಿನ ಬಿಲ್ಡಿಂಗಿನ ಗಚ್ಚಿಯಿಂದ,
ಪಾರುಳೇಕರ್ ಕಾಕೂ ಕಿಟಕಿ ಸವರಿಕೊಂಡು,
ಡೊಂಬಿವಲಿಯ ಈ ಓಣಿ ಅಡ್ಡ ದಾಟಿ
ಒಂದು ಕರೀ ವೈರಿನಲ್ಲಿ.
ಅದರ ಮೇಲೆ ಕಾಕೂ
ನೀಲಿ ಲಂಗ ಒಣಹಾಕಿದ್ದರು.
ಕ್ಲಿಪ್ಪು ಸಮೇತ. ಎರಡು.

ನನ್ನ ಆರ್ಡರು ಅದರಡಿಯೇ ತಲೆತಗ್ಗಿಸಿ
ನುಸುಳಿ ಹೋಗಿರಬೇಕು,
ಲಾಡಿಯ ನೀರು ನೆತ್ತಿಗೆ ತೊಟ್ಟಿಕ್ಕಿ.

ಕೇಬಲ್ಲಿನ ಮಂಗೇಶ ಬಂದು ಸ್ಪೀಡು ಅಳೆದ.
"ವೈನಿ, ವೈರು ಚೊಕ್ಕ ಇದೆ.
ನೀವು ಹೋಗೋ ಊರಲ್ಲೇ ಮನೆ ಮಾಡಿಕೊಂಡವರಿದ್ದಾರೆ,
ಅದೇ ಗೋಡೆಗೆ ಬೆನ್ನು ಹಚ್ಚಿ ಮಿಷೀನು ಇಟ್ಟವರು.
ನಿಮ್ಮ ಬೆರಳು ಏಳೋದರೊಳಗೆ
ಕೊಂಡು, ಮಾರಿ, ಮತ್ತೆ ಕೊಂಡಿರುತ್ತಾರೆ."
ಎರಡು ಲೋಟ ಚಹಾ ಕುಡಿದು ಹೋದ.

ತಿಳಿಯಿತು. ಹದಿನೆಂಟು ವರ್ಷ
ಎಂಟು ಹನ್ನೆರಡರ ಫಾಸ್ಟ್ ಹಿಡಿದವಳು ನಾನು.
ಕಲ್ಯಾಣದವರು ಕಾಲು ಚಾಚಿ ಕೂತೇ ಬರುತ್ತಾರೆ;
ನಮಗೆ ಯಾರದೋ ಮೊಳಕೈ, ಯಾರದೋ ಮಲ್ಲಿಗೆ.
ಆದರೂ ಬಾಗಿಲು ಎಲ್ಲಿ ಬಂದು ನಿಲ್ಲುತ್ತದೆಂದು
ಒಡೆದ ಒಂದು ಟೈಲ್ಸಿನ ಗುರುತಿಟ್ಟು ನಿಲ್ಲುತ್ತಿದ್ದೆ.
ಸಿಕ್ಕ ಬಾಗಿಲಿಗೆ ನುಗ್ಗಿದ ದಿನವೇ
ಚಪ್ಪಲಿ ಹೋದದ್ದು. ಒಂದೇ ಕಾಲಿನದು.

ಮರುದಿನ ಬೆಲೆ ನಾನೇ ಹೇಳಿದೆ:
ಇನ್ನೂರ ಒಂಬತ್ತು. ಬಂದರೆ ಬಾ.
ಒಂಬತ್ತರ ಮೇಲೆ ಹತ್ತು ಪೈಸೆಯತನಕ ಇಳಿಯಿತು,
ಹೊಸ್ತಿಲಲ್ಲಿ ನಿಂತು ನನ್ನ ಮುಖ ನೋಡಿತು,
ಹೊರಟೇ ಹೋಯಿತು. ಇನ್ನೂರ ಇಪ್ಪತ್ತು. ಇಪ್ಪತ್ತಮೂರು.
ನನ್ನದು ಪೆಂಡಿಂಗ್.
ಕುಕ್ಕರು ಮೂರು ಸಲ ಕೂಗಿತು.

ಕಾಕೂ ಕಿಟಕಿಗೆ ಬಂದರು. ಮಂಗೇಶ ಹೇಳಿರಬೇಕು.
ಲಂಗಕ್ಕೆ ಕೈಹಾಕಿ, "ಕಾಢೂ ಕಾ ಗಂ?"
ತೆಗೆಯಲೇ ಅಂತ.
ಮುಟ್ಟಿ ನೋಡಿದರು. ಲಾಡಿಯಿನ್ನೂ ಹಸಿ.

ಇರಲಿ ಬಿಡಿ ಅಂದೆ,
ಮೂರೂವರೆತನಕ ಬಿಸಿಲಿದೆ.